ಹಳೇ ಲ್ಯಾಪ್‌ಟಾಪನ್ನು ಮೂಲೆಗೆ ಹಾಕುವ ಮೊದಲು ಇದನ್ನೊಮ್ಮೆ ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ನಮ್ಮೂರಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆಲ್ಲ ಒಂದೇ ಸಲಹೆ ಸಿಗುತ್ತಿದೆ: 'ಇದು ತುಂಬಾ ಸ್ಲೋ, ಇನ್ನು ಬರಲ್ಲ, ಹೊಸದು ತಗೊಳ್ಳಿ.' ನನಗೂ ಅದೇ ಸಲಹೆ ಸಿಕ್ಕಿತು. ನಾನು ಹೊಸದು ತಗೊಳ್ಳಲಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಈಗ ಪಾರದರ್ಶಕ ವಿಂಡೋಗಳು ಎಲ್ಲೂ ತಡೆಯದೆ ಓಡುತ್ತಿವೆ. ಮೇಲಿನ ವಿಂಡೋ ಮೂಲಕ ಕೆಳಗಿನದು ಕಾಣುವ ಆ ಸೌಲಭ್ಯಕ್ಕೆ ಹೊಸ ಯಂತ್ರವೇ ಬೇಕು ಅನ್ನುವುದು ಸರಿಯಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ.

ನಾನು ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಅರ್ಜಿ, ಕ್ರಯಪತ್ರದ ನಕಲು, ಸಂಘದ ವರದಿ, ವಿಶ್ವವಿದ್ಯಾಲಯದ ಹುಡುಗರ ಪ್ರಬಂಧ, ಯಾವುದು ಬಂದರೂ ಟೈಪ್ ಮಾಡಿ ಕೊಡುತ್ತೇನೆ. ಮೊದಲೆಲ್ಲ ಜನ ಕೈಬರಹದ ಹಾಳೆ ತಂದುಕೊಡುತ್ತಿದ್ದರು. ಅದನ್ನು ಪಕ್ಕದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡು ಟೈಪ್ ಮಾಡುವುದು ರೂಢಿ. ಈಗ ಯಾರೂ ಹಾಳೆ ತರುವುದಿಲ್ಲ. ಫೋನಿನಲ್ಲಿ ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕುತ್ತಾರೆ. ಹೀಗಾಗಿ ನೋಡಬೇಕಾದ ಪುಟವೂ ಪರದೆಯ ಮೇಲೆ, ಟೈಪ್ ಮಾಡಬೇಕಾದ ಪುಟವೂ ಅದೇ ಪರದೆಯ ಮೇಲೆ. ನನ್ನದು ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್. ಎರಡನ್ನೂ ಅಕ್ಕಪಕ್ಕ ಇಟ್ಟರೆ ಎರಡೂ ಓದುವ ಹಾಗಿರುವುದಿಲ್ಲ. ಕೈಬರಹ ದೊಡ್ಡದು ಮಾಡಿದರೆ ಸಾಲಿನ ಕೊನೆ ಪರದೆಯಿಂದ ಆಚೆ ಹೋಗುತ್ತದೆ. ಚಿಕ್ಕದು ಮಾಡಿದರೆ ಒತ್ತಕ್ಷರ ಕಾಣುವುದಿಲ್ಲ.

ಅದಕ್ಕೆ ನಾನು ಕಂಡುಕೊಂಡ ದಾರಿ ಪಾರದರ್ಶಕ ವಿಂಡೋ. ಕೆಳಗೆ ಫೋಟೋದ ಪುಟ, ಪೂರ್ತಿ ಅಗಲಕ್ಕೆ. ಅದರ ಮೇಲೆ ಟೈಪ್ ಮಾಡುವ ವಿಂಡೋ, ಕೆಳಗಿನ ಬರಹ ತಿಳಿಯಾಗಿ ಕಾಣುವಷ್ಟು ಪಾರದರ್ಶಕ. ಕೈಬರಹದ ಸಾಲಿನ ಕೆಳಗೇ ನನ್ನ ಸಾಲು ಮೂಡುತ್ತಾ ಹೋಗುತ್ತದೆ. ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸುವುದು ತಪ್ಪಿತು. ಇನ್ನೂ ದೊಡ್ಡ ಲಾಭ ಬೇರೆ ಇದೆ. ಎರಡು ಸಾಲು ಒಂದೇ ಪದದಿಂದ ಶುರುವಾದರೆ ಟೈಪ್ ಮಾಡುವವರ ಕಣ್ಣು ಒಂದು ಸಾಲು ಹಾರಿಬಿಡುತ್ತದೆ. ಈ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಕ್ರಯಪತ್ರದಲ್ಲಿ 'ಪೂರ್ವಕ್ಕೆ', 'ಪಶ್ಚಿಮಕ್ಕೆ' ಅಂತ ಚೆಕ್ಕುಬಂದಿ ಬರೆಯುವಾಗ ಒಂದು ಸಾಲು ಹಾರಿದರೆ ಎಂಥ ಅನಾಹುತ ಆಗುತ್ತದೆ, ಯೋಚನೆ ಮಾಡಿ. ಒಂದರ ಮೇಲೊಂದು ಇಟ್ಟಾಗ ಬಿಟ್ಟುಹೋದ ಸಾಲು ಅಲ್ಲೇ ಕಾಣುತ್ತದೆ. ಆದ್ದರಿಂದ 'ಅದೆಲ್ಲ ಹುಡುಗರ ಶೋಕಿ, ನಿಮಗ್ಯಾಕೆ ಬೇಕು' ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ಇದು ದಿನಾ ಕೈಯಲ್ಲಿ ಹಿಡಿಯುವ ಉಪಕರಣ.

ಈಗ ಯಂತ್ರದ ವಿಷಯ. 2012ರ ಕಾಲದ ಲ್ಯಾಪ್‌ಟಾಪ್. ಇಂಟೆಲ್‌ನ ಮೂರನೇ ತಲೆಮಾರಿನ ಐ5 ಪ್ರೊಸೆಸರ್, ಅದರೊಳಗೇ ಎಚ್‌ಡಿ 4000 ಗ್ರಾಫಿಕ್ಸ್, 4 ಜಿಬಿ ರ್‍ಯಾಮ್, 1366×768ರ ಪರದೆ. ವಿಂಡೋಸ್ 11 ಇದಕ್ಕೆ ಅಧಿಕೃತವಾಗಿ ಬರುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದೆ, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವಂಥದ್ದು. ಹಾಕಿಕೊಟ್ಟವರು 'ಪಾರದರ್ಶಕ ಗೀರದರ್ಶಕ ಎಲ್ಲ ಆಫ್ ಮಾಡಿಟ್ಟಿದ್ದೀನಿ, ಆನ್ ಮಾಡಬೇಡಿ, ಹ್ಯಾಂಗ್ ಆಗುತ್ತೆ' ಎಂದರು. ಆನ್ ಮಾಡಿದರೆ ನಿಜವಾಗಿಯೂ ಹಾಗೇ ಆಗುತ್ತಿತ್ತು. ವಿಂಡೋ ಹಿಡಿದು ಎಳೆದರೆ ಮೌಸ್ ಮುಂದೆ, ವಿಂಡೋ ಹಿಂದೆ. ಫ್ಯಾನ್ ಜೋರಾಗಿ ಕೂಗುತ್ತಿತ್ತು. ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತಿತ್ತು.

ಇದನ್ನು ನೋಡಿ 'ಯಂತ್ರ ಹಳೆಯದು' ಎಂದು ಕೈಬಿಡುವುದು ಸುಲಭ. ಆದರೆ ಒಂದು ಲೆಕ್ಕ ಹಾಕಿ ನೋಡೋಣ.

ಹಿಂದಿನ ಕಾಲದಲ್ಲಿ ಪ್ರತಿ ವಿಂಡೋ ನೇರವಾಗಿ ಪರದೆಯ ಮೇಲೇ ತನ್ನನ್ನು ಬರೆದುಕೊಳ್ಳುತ್ತಿತ್ತು. ಕೆಳಗಿದ್ದದ್ದು ಅಳಿಸಿಹೋಗುತ್ತಿತ್ತು. ಈಗ ಹಾಗಲ್ಲ. ಪ್ರತಿ ವಿಂಡೋ ಮೆಮೊರಿಯಲ್ಲಿ ಬೇರೆ ಜಾಗದಲ್ಲಿ ಬರೆಯಲ್ಪಡುತ್ತದೆ. ಕಾಂಪೊಸಿಟರ್ ಎಂಬ ಪ್ರೋಗ್ರಾಂ ಅವನ್ನೆಲ್ಲ ತೆಗೆದುಕೊಂಡು, ಒಂದರ ಮೇಲೊಂದು ಜೋಡಿಸಿ, ಒಂದು ಚಿತ್ರ ಮಾಡಿ ಪರದೆಗೆ ಕಳಿಸುತ್ತದೆ. ನಮ್ಮ ಕಸುಬಿನವರಿಗೆ ಹೇಳಬೇಕೆಂದರೆ, ಬಣ್ಣಕ್ಕೊಂದರಂತೆ ತೆಗೆದ ಬಟರ್ ಪೇಪರ್‌ಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿದ ಹಾಗೆ. ಈ ಜೋಡಣೆ ಸೆಕೆಂಡಿಗೆ 60 ಸಲ ಆಗಬೇಕು. ಒಂದೊಂದಕ್ಕೆ ಸಿಗುವ ಸಮಯ ಸೆಕೆಂಡಿನ ಅರವತ್ತನೇ ಒಂದು ಭಾಗ. ಅಷ್ಟರಲ್ಲಿ ಮುಗಿಯದಿದ್ದರೆ ನಮ್ಮ ಕಣ್ಣಿಗೆ ತಡವರಿಕೆ ಕಾಣುತ್ತದೆ.

ನನ್ನ ಪರದೆಯಲ್ಲಿ 1366×768, ಅಂದರೆ ಹತ್ತೂವರೆ ಲಕ್ಷದ ಹತ್ತಿರ ಚುಕ್ಕೆಗಳಿವೆ. ಚುಕ್ಕೆಗೆ 4 ಬೈಟ್‌ನಂತೆ ಒಂದು ಪೂರ್ತಿ ಪರದೆಗೆ ಸುಮಾರು 42 ಲಕ್ಷ ಬೈಟ್. ಸೆಕೆಂಡಿಗೆ 60 ಸಲ ಎಂದರೆ ಸುಮಾರು 25 ಕೋಟಿ ಬೈಟ್. ಪಾರದರ್ಶಕ ಮಾಡಬೇಕಾದರೆ ಕೆಳಗಿನದನ್ನು ಓದಬೇಕು, ಮೇಲಿನದನ್ನು ಓದಬೇಕು, ಬೆರೆಸಿದ್ದನ್ನು ಬರೆಯಬೇಕು. ಮೂರು ಪಟ್ಟು, 75 ಕೋಟಿ ಎಂದಿಟ್ಟುಕೊಳ್ಳಿ. ನನ್ನ ಲ್ಯಾಪ್‌ಟಾಪಿನಲ್ಲಿರುವ ಡಿಡಿಆರ್3 1600 ರ್‍ಯಾಮ್‌ನ ಒಂದೇ ಒಂದು ಕಡ್ಡಿ, ಕಾಗದದ ಲೆಕ್ಕದಲ್ಲಿ, ಸೆಕೆಂಡಿಗೆ 1,280 ಕೋಟಿ ಬೈಟ್ ಸಾಗಿಸಬಲ್ಲದು. ಎಷ್ಟು ಅಂತರ ಇದೆ ನೋಡಿ! ಹಾಗಾದರೆ ಶಕ್ತಿ ಇಲ್ಲ ಎನ್ನುವುದು ಹೇಗೆ ಸರಿ?

ಇನ್ನೊಂದು ವಿಷಯ. ಗಾಜಿನಂಥ ವಿಂಡೋ ಈಚಿನ ಸಂಗತಿಯೇ ಅಲ್ಲ. ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದದ್ದು 2007ರ ಜನವರಿ 30ಕ್ಕೆ. ಅದರ 'ಏರೋ ಗ್ಲಾಸ್' ನೋಟಕ್ಕೆ ಕೇಳಿದ್ದು 1 ಗಿಗಾಹರ್ಟ್ಸ್ ಪ್ರೊಸೆಸರ್, 1 ಜಿಬಿ ರ್‍ಯಾಮ್, 128 ಎಂಬಿ ಗ್ರಾಫಿಕ್ಸ್ ಮೆಮೊರಿ. ಲಿನಕ್ಸ್‌ನಲ್ಲಿ ಅದಕ್ಕೂ ಒಂದು ವರ್ಷ ಮೊದಲೇ, 2006ರಲ್ಲಿ, ನೋವೆಲ್ ಕಂಪನಿಯ ಡೇವಿಡ್ ರೆವೆಮನ್ ಬರೆದ 'ಕಾಂಪಿಜ್' ಎಂಬ ಕಾಂಪೊಸಿಟರ್ ಬಂದಿತ್ತು. ವಿಂಡೋ ಜೆಲ್ಲಿಯಂತೆ ಅಲುಗುವುದು, ಡೆಸ್ಕ್‌ಟಾಪ್ ಘನಾಕಾರವಾಗಿ ತಿರುಗುವುದು ಎಲ್ಲ ಅದರಲ್ಲಿತ್ತು. ಆಗಿನ ಯಂತ್ರಗಳಿಗೆ ಆದದ್ದು 2012ರ ಯಂತ್ರಕ್ಕೆ ಆಗುವುದಿಲ್ಲವೇ? ಆ ಕಾಲದಲ್ಲೂ ಒಂದು ತಕರಾರು ನಡೆದಿತ್ತು. ಇಂಟೆಲ್‌ನ 915 ಚಿಪ್ ಇದ್ದ ಲ್ಯಾಪ್‌ಟಾಪ್‌ಗಳ ಮೇಲೂ 'ವಿಸ್ಟಾ ಕೇಪಬಲ್' ಎಂಬ ಸ್ಟಿಕ್ಕರ್ ಅಂಟಿಸಿದ್ದರು. ಆದರೆ ಆ ಚಿಪ್‌ಗೆ ಬೇಕಾದ ಹೊಸ ಬಗೆಯ ಡ್ರೈವರ್ ಬರಲೇ ಇಲ್ಲ, ಹಾಗಾಗಿ ಏರೋ ಗ್ಲಾಸ್ ಕೂಡ ಬರಲಿಲ್ಲ. ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋದರು. ಯಂತ್ರ ಒಂದು ಮಾತು, ಅದನ್ನು ನಡೆಸುವ ಡ್ರೈವರ್ ಇನ್ನೊಂದು ಮಾತು ಎಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ನನ್ನ ಲ್ಯಾಪ್‌ಟಾಪಿನ ಕಾಯಿಲೆಯೂ ಅಲ್ಲೇ ಇತ್ತು. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ: 'ಚಿಕ್ಕಮ್ಮ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಾ?' ಮಾಡುತ್ತಿರಲಿಲ್ಲ. ಅದನ್ನು ನಾನು ಕೀಬೋರ್ಡ್ ದೋಷ ಎಂದು ಸುಮ್ನೆ ಬಿಟ್ಟಿದ್ದೆ. 'ಹಾಗಾದ್ರೆ ಚಿತ್ರ ಬರೀತಿರೋದು ಯಾರು ಅಂತ ಮೊದಲು ನೋಡೋಣ' ಎಂದ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದು 'ಜಿಎಲ್‌ಎಕ್ಸ್‌ಇನ್ಫೋ' (glxinfo) ಎಂಬ ಆಜ್ಞೆ ಕೊಡಿಸಿದ. ಅದರಲ್ಲಿ 'ರೆಂಡರರ್' ಎಂಬ ಸಾಲು ಬರುತ್ತದೆ. ಅಲ್ಲಿ ಇಂಟೆಲ್ ಎಂದು ಇರಬೇಕಿತ್ತು. ನನ್ನದರಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದಿತ್ತು.

ಅದರ ಅರ್ಥ ಇಷ್ಟು. ಗ್ರಾಫಿಕ್ಸ್ ಚಿಪ್ ಕೆಲಸವಿಲ್ಲದೆ ಕೂತಿದೆ. ಅದು ಮಾಡಬೇಕಾದ ಬೆರಕೆ, ನೆರಳು, ಅಷ್ಟನ್ನೂ ಮುಖ್ಯ ಪ್ರೊಸೆಸರ್ ಒಂದೇ ಮಾಡುತ್ತಿದೆ. ಟೈಪ್ ಮಾಡಿದ ಅಕ್ಷರ ಮೂಡಿಸುವುದೂ ಅದೇ, ವಿಂಡೋ ಬೆರೆಸುವುದೂ ಅದೇ. ತಡವಾಗದೆ ಇನ್ನೇನು ಆಗುತ್ತೆ? ಹೀಗಾಗಲು ಕಾರಣ 'ನೋಮೋಡ್‌ಸೆಟ್' (nomodeset) ಎಂಬ ಒಂದು ಪದ. ಲಿನಕ್ಸ್ ಹಾಕುವಾಗ ಕೆಲವೊಮ್ಮೆ ಪರದೆ ಕಪ್ಪಾಗಿ ನಿಂತುಬಿಡುತ್ತದೆ. ಆಗ ಗ್ರಾಫಿಕ್ಸ್ ಡ್ರೈವರನ್ನು ಬದಿಗಿಟ್ಟು ಬೂಟ್ ಮಾಡಲು ಈ ಪದ ಸೇರಿಸುತ್ತಾರೆ. ಹಾಕಿ ಮುಗಿದ ಮೇಲೆ ತೆಗೆಯಬೇಕು. ತೆಗೆಯದಿದ್ದರೆ ಯಂತ್ರ ಬದುಕಿರುವವರೆಗೂ ಹಾಗೇ ನಡೆಯುತ್ತದೆ. ಬೂಟ್ ಆಗುವಾಗಿನ ಸೂಚನೆಗಳಿರುವ ಗ್ರಬ್ ಫೈಲಿನಿಂದ ಆ ಪದ ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿದೆವು. ಬ್ರೈಟ್‌ನೆಸ್ ಕೀ ಕೆಲಸ ಮಾಡಿತು. ರೆಂಡರರ್ ಸಾಲಿನಲ್ಲಿ ಎಚ್‌ಡಿ 4000 ಎಂದು ಬಂತು. ಪಾರದರ್ಶಕ ಆನ್ ಮಾಡಿ ವಿಂಡೋ ಎಳೆದೆ. ಕೈಯ ಜೊತೆಗೇ ಬಂತು. ನನಗೆ ಆದ ಸಂತೋಷ ಇಲ್ಲಿ ಬರೆಯಲು ಬರುವುದಿಲ್ಲ.

ಹೊಸದು ತಗೊಳ್ಳಿ ಎಂದವರಲ್ಲಿ ಯಾರೂ ಈ ಒಂದು ಸಾಲನ್ನು ನೋಡಲಿಲ್ಲ. ನನಗೆ ಬೇಸರ ಇರುವುದು ಅದಕ್ಕೇ. ನೋಡಲು ಒಂದು ನಿಮಿಷವೂ ಬೇಡ.

ಉಳಿದ ಸುಧಾರಣೆಗಳು ಇದಾದ ಮೇಲಿನವು. ಈ ಬಗೆಯ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ಗೆ ತನ್ನದೇ ಮೆಮೊರಿ ಇಲ್ಲ. ಮುಖ್ಯ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ರ್‍ಯಾಮ್ ಕಡ್ಡಿ ಒಂದೇ ಇದ್ದರೆ ಓಡಾಟದ ದಾರಿಯೂ ಒಂದೇ. ಅದೇ ಅಳತೆಯ ಇನ್ನೊಂದು ಕಡ್ಡಿ ಹಾಕಿದರೆ ದಾರಿ ಎರಡಾಗುತ್ತದೆ. ಹಾಗಾಗಿ 8 ಜಿಬಿಯ ಒಂದು ಕಡ್ಡಿಗಿಂತ 4 ಜಿಬಿಯ ಎರಡು ಕಡ್ಡಿ ಇಂಥ ಗ್ರಾಫಿಕ್ಸ್‌ಗೆ ಒಳ್ಳೆಯದು. ಡಿಡಿಆರ್3 ಕಡ್ಡಿ ಹಳೇ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಡಿಡಿಆರ್4 ತರಬೇಡಿ, ಅದು ಈ ಸ್ಲಾಟಿನಲ್ಲಿ ಕೂರುವುದಿಲ್ಲ. ಅಂಗಡಿಯವರು ಎಲ್ಲದಕ್ಕೂ ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್, ಹಾಕಿಸಿ ಎನ್ನುತ್ತಾರೆ. ಎಸ್‌ಎಸ್‌ಡಿ ಒಳ್ಳೆಯದೇ. ಲ್ಯಾಪ್‌ಟಾಪ್ ಬೇಗ ಶುರುವಾಗುತ್ತದೆ, ಫೈಲ್ ಬೇಗ ತೆರೆಯುತ್ತದೆ. ಆದರೆ ವಿಂಡೋ ಎಳೆಯುವಾಗಿನ ತಡವರಿಕೆಗೂ ಅದಕ್ಕೂ ಸಂಬಂಧ ಕಡಿಮೆ. ರ್‍ಯಾಮ್ ಪೂರ್ತಿ ತುಂಬಿ ಡಿಸ್ಕಿಗೆ ಚೆಲ್ಲಿದಾಗ ಮಾತ್ರ ಅದರ ಸಹಾಯ ಗೊತ್ತಾಗುತ್ತದೆ.

ಮಸುಕಿನ ಬಗ್ಗೆಯೂ ಹೇಳಬೇಕು. ಹಿಂದಿನದು ಮಂಜುಮಂಜಾಗಿ ಕಾಣುವ ಪರಿಣಾಮಕ್ಕೆ ಬ್ಲರ್ ಎನ್ನುತ್ತಾರೆ. ನೋಡಲು ತುಂಬಾ ಚೆನ್ನ. 2025ರಲ್ಲಿ ಆಪಲ್ ಕಂಪನಿ 'ಲಿಕ್ವಿಡ್ ಗ್ಲಾಸ್' ತಂದ ಮೇಲೆ ಹುಡುಗರಿಗೆಲ್ಲ ಇಂಥದ್ದೇ ಬೇಕು. ಆದರೆ ಹಳೇ ಯಂತ್ರಕ್ಕೆ ಭಾರ ಇರುವುದು ಇದರಲ್ಲೇ. ಬರೀ ಪಾರದರ್ಶಕಕ್ಕೆ ಒಂದು ಚುಕ್ಕೆಗೆ ಅದರ ಕೆಳಗಿನ ಒಂದೇ ಚುಕ್ಕೆ ನೋಡಿದರೆ ಸಾಕು. ಬ್ಲರ್‌ಗೆ ಸುತ್ತಲಿನ ಎಷ್ಟೋ ಚುಕ್ಕೆಗಳನ್ನು ಓದಿ ಸರಾಸರಿ ತೆಗೆಯಬೇಕು. ಮೇಲೆ ಹಾಕಿದ ಲೆಕ್ಕ ಹಲವು ಪಟ್ಟು ಬೆಳೆಯುತ್ತದೆ. ಬೇಕೇ ಬೇಕು ಎನ್ನುವವರಿಗೆ 'ಪಿಕಾಮ್' ಎಂಬ ಕಾಂಪೊಸಿಟರ್‌ನಲ್ಲಿ 'ಡ್ಯುಯಲ್ ಕವಾಸೆ' ಎಂಬ ವಿಧಾನ ಇದೆ. ಅದು ಚಿತ್ರವನ್ನು ಮೊದಲು ಚಿಕ್ಕದು ಮಾಡಿ, ಆಮೇಲೆ ಹಿಗ್ಗಿಸಿ ಮಸುಕು ತರುತ್ತದೆ, ಹಾಗಾಗಿ ಕೆಲಸ ಕಡಿಮೆ. ಪಿಕಾಮ್ ಹಾಕುವಾಗ ಎಕ್ಸ್‌ಎಫ್‌ಸಿಇಯ ಸ್ವಂತ ಕಾಂಪೊಸಿಟರ್ ಆಫ್ ಮಾಡಬೇಕು. ಒಂದು ಪರದೆಗೆ ಎರಡು ನಡೆಯುವುದಿಲ್ಲ. ನನಗಂತೂ ಬ್ಲರ್ ಬೇಡವೇ ಬೇಡ. ಕೆಳಗಿನ ಕೈಬರಹ ಓದುವುದಕ್ಕೇ ಅಲ್ವಾ ನಾನು ಪಾರದರ್ಶಕ ಮಾಡಿಕೊಂಡದ್ದು!

ಎಕ್ಸ್‌ಎಫ್‌ಸಿಇಯಲ್ಲಿ 'ವಿಂಡೋ ಮ್ಯಾನೇಜರ್ ಟ್ವೀಕ್ಸ್' ತೆರೆದು 'ಕಾಂಪೊಸಿಟರ್' ಎಂಬಲ್ಲಿ ಆನ್ ಮಾಡಿದರೆ ಆಯಿತು. ಆಮೇಲೆ ಆಲ್ಟ್ ಕೀ ಒತ್ತಿಕೊಂಡು ವಿಂಡೋದ ತಲೆಪಟ್ಟಿಯ ಮೇಲೆ ಮೌಸ್ ಚಕ್ರ ತಿರುಗಿಸಿದರೆ ಆ ವಿಂಡೋ ಒಂದೇ ತಿಳಿಯಾಗುತ್ತದೆ, ಅಥವಾ ದಟ್ಟವಾಗುತ್ತದೆ. ಎಲ್ಲ ವಿಂಡೋಗಳೂ ಪಾರದರ್ಶಕ ಆಗಬೇಕಿಲ್ಲ. ಸುಮಾರು ಮುಕ್ಕಾಲು ಪಾಲು ದಟ್ಟ ಇದ್ದರೆ ನನ್ನ ಕಣ್ಣಿಗೆ ಹಿತ. ಕಣ್ಣು ಮಂದ ಇರುವವರು ಇನ್ನೂ ದಟ್ಟ ಇಟ್ಟುಕೊಳ್ಳಲಿ.

ನಮ್ಮೂರಿನ ಧೂಳನ್ನೂ ಮರೆಯುವಂತಿಲ್ಲ. ಮಂಡಕ್ಕಿ ಭಟ್ಟಿಗಳ ಹೊಗೆ, ಬೂದಿ, ರಸ್ತೆ ಧೂಳು, ಜೊತೆಗೆ ಏಪ್ರಿಲ್ ಬಿಸಿಲು. ಲ್ಯಾಪ್‌ಟಾಪಿನ ಫ್ಯಾನ್ ಮುಂದೆ ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಗಾಳಿ ಆಡದೆ ಪ್ರೊಸೆಸರ್ ಕಾದರೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಇರುವುದೂ ಅದೇ ಚಿಪ್‌ನಲ್ಲಿ. ಬೆಳಿಗ್ಗೆ ಚೆನ್ನಾಗಿ ಓಡಿದ್ದು ಮಧ್ಯಾಹ್ನ ತಡವರಿಸಿದರೆ ಕಾರಣ ಬಹುಪಾಲು ಇದೇ. ಬಿಚ್ಚಿ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿದ ಮೇಲೆ ನನ್ನದರ ಫ್ಯಾನ್ ಶಬ್ದ ಎಷ್ಟೋ ಇಳಿಯಿತು.

ಲಿನಕ್ಸ್‌ನಲ್ಲಿ ಕನ್ನಡ ಹೇಗೆ ಎಂದು ಕೇಳುವವರಿಗೆ ಒಂದು ಮಾತು. ಕೆ.ಪಿ. ರಾವ್ ಅವರ ವಿನ್ಯಾಸದ, ನಾವೆಲ್ಲ 'ನುಡಿ' ತಂತ್ರಾಂಶದಲ್ಲಿ ಕಲಿತ ಕೀಲಿಮಣೆ ಜೋಡಣೆಯೇ ಅಲ್ಲೂ ಸಿಗುತ್ತದೆ. ಬೆರಳಿಗೆ ಹೊಸದಾಗಿ ಕಲಿಸಬೇಕಿಲ್ಲ. ತೊಂದರೆ ಇರುವುದು ಹಳೇ ನುಡಿ ಅಕ್ಷರಗಳಲ್ಲೇ ಪುಟ ಮಾಡುವ ಪ್ರೆಸ್‌ಗಳ ಜೊತೆ. ಅವರಿಗೆ ಯುನಿಕೋಡ್‌ನಿಂದ ಪರಿವರ್ತಿಸಿ ಕೊಡಬೇಕು. ಇದನ್ನು ಮುಚ್ಚಿಡುವುದಿಲ್ಲ.

ನನ್ನ ವಿನಂತಿ ಮೂರು ಕಡೆಗೆ. ರಿಪೇರಿ ಅಂಗಡಿಯ ಅಣ್ಣತಮ್ಮಂದಿರೇ, ಲ್ಯಾಪ್‌ಟಾಪ್ ತಂದವರಿಗೆ 'ಇದು ಮುಗೀತು' ಎನ್ನುವ ಮೊದಲು ಆ ರೆಂಡರರ್ ಸಾಲು ನೋಡಿ, ಫ್ಯಾನ್ ಬಿಚ್ಚಿ ನೋಡಿ. ಆ ಕೆಲಸಕ್ಕೆ ನ್ಯಾಯವಾದ ಕೂಲಿ ಕೇಳಿ. ನಾವು ಖುಷಿಯಿಂದ ಕೊಡುತ್ತೇವೆ. ನಮ್ಮೂರು ಕಾಲೇಜುಗಳ ಊರು. ಕಾಲೇಜಿನವರು ಲ್ಯಾಬಿನ ಹಳೇ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಮೊದಲು ಇಷ್ಟೇ ಪರೀಕ್ಷೆಯನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಲಿ. ಕಾಂಪೊಸಿಟರ್ ಎಂದರೇನು, ಡ್ರೈವರ್ ಎಂದರೇನು ಎಂದು ಪುಸ್ತಕದಲ್ಲಿ ಓದಿದ್ದು ಕೈಗೆ ಬರುತ್ತದೆ. ಮತ್ತು ತಾವು, ಸಂಪಾದಕರೇ, ವಾರಕ್ಕೊಮ್ಮೆ ಹೊಸ ಫೋನು, ಹೊಸ ಲ್ಯಾಪ್‌ಟಾಪುಗಳ ಬಗ್ಗೆ ಅರ್ಧ ಪುಟ ಕೊಡುತ್ತೀರಿ. ಅದರಲ್ಲಿ ಒಂದು ಕಾಲಂ ಹಳೆಯವಕ್ಕೆ ಬಿಡಿ. ಇಂಥ ವಿವರ ಕನ್ನಡದಲ್ಲಿ ಹುಡುಕಿದರೆ ಸಿಗುವುದು ಬಹಳ ಕಡಿಮೆ. ಇಂಗ್ಲಿಷ್ ಬರುವ ಅಕ್ಕನ ಮಗ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಮೊದಲ ವಾರಕ್ಕೆ ನೋಮೋಡ್‌ಸೆಟ್ ತೆಗೆಯುವ ಕ್ರಮವನ್ನೇ ಹಾಕಿ. ಬೇಕಿದ್ದರೆ ಹಂತ ಹಂತವಾಗಿ ಟೈಪ್ ಮಾಡಿ ನಾನೇ ಕಳಿಸಿಕೊಡುತ್ತೇನೆ.

ಇಂತಿ,
ಡಿಟಿಪಿ ಕೆಲಸದ ಓದುಗಿ,
ನಿಟ್ಟುವಳ್ಳಿ, ದಾವಣಗೆರೆ